ಹೊಸದಾಗಿ ರಿಪೇರಿ ಮಾಡಿದ ಮನೆಗೆ ಎಷ್ಟು ಆಫರ್ ಮಾಡೋದು? ನಮ್ಮ ಕರಾವಳಿ, ಘಟ್ಟದ ಮೇಲಿನವ್ರಿಗೆ ಸಮಗ್ರ ಮಾರ್ಗದರ್ಶಿ

ನಾವು ಕುಮಟಾ ಹತ್ರ ಮನೆ ತಗೊಂಡಿದ್ದು ಒಂದು ಫೆಬ್ರವರಿಯಲ್ಲಿ. ಹಳೇ ಮನೆ, ಆದ್ರೆ ಪೂರ್ತಿ ರಿಪೇರಿ ಮಾಡಿಸಿದ್ರು, ಗೋಡೆ ಬೆಳ್ಳಗೆ ಹೊಳೀತಿತ್ತು, ಹಾಲ್‌ನಲ್ಲಿ ಪಿಒಪಿ ಸೀಲಿಂಗ್, ಅಡುಗೆಮನೆಗೆ ಹೊಸ ಕಪಾಟು, ಅಂಗಳಕ್ಕೆ ಇಂಟರ್‌ಲಾಕ್. ಹೇಳಿದ ರೇಟಿಗೆ ಒಂದು ಲಕ್ಷ ಕಮ್ಮಿ ಮಾಡಿಸ್ಕೊಂಡು ದೊಡ್ಡ ಸಾಧನೆ ಮಾಡಿದ್ವಿ ಅಂತ ಖುಷಿಯಲ್ಲಿ ರಿಜಿಸ್ಟರ್ ಮಾಡಿಸ್ಕೊಂಡ್ವಿ. ಜುಲೈ ಎರಡನೇ ವಾರ ದೇವರ ಕೋಣೆ ಗೋಡೆ ಪುಟ್ಟಿ ಹಪ್ಪಳದ ಹಂಗೆ ಎದ್ದು ನಿಂತ್ಕೊಳ್ತು, ಹಾಲ್‌ನ ಪಿಒಪಿ ಮೂಲೆಯಲ್ಲಿ ಹಳದಿ ಕಲೆ ದಿನಾ ಒಂದು ಗೇಣು ಬೆಳೀತಾ ಹೋಯ್ತು, ಆಯಿ ರಾತ್ರಿ ಎದ್ದು ಪಾತ್ರೆ ಇಡೋ ಪರಿಸ್ಥಿತಿ. ಆ ವರ್ಷ ಮಳೆಗಾಲ ಮುಗಿದ ಮೇಲೆ ಮೂರೂಕಾಲು ಲಕ್ಷ ಖರ್ಚಾಯ್ತು. ದುಡ್ಡಿಗಿಂತ ಹೆಚ್ಚು ಬೇಜಾರಾಗಿದ್ದು, ಇದೆಲ್ಲ ಮೊದಲೇ ಕಾಣ್ತಿತ್ತು, ನಮಗೆ ನೋಡೋಕೆ ಗೊತ್ತಿರ್ಲಿಲ್ಲ ಅನ್ನೋದು.

ಅದಾದ ಮೇಲೆ ತಂಗಿ ಶಿರಸಿಯಲ್ಲಿ ಮನೆ ತಗೊಳ್ಳುವಾಗ, ಆಮೇಲೆ ನಮ್ಮ ಭಾವ ಕಾರವಾರದಲ್ಲಿ ತಗೊಳ್ಳುವಾಗ ನಾನೇ ಕೂತು ಲೆಕ್ಕ ಹಾಕಿ ಕೊಟ್ಟಿದ್ದೇನೆ. ಆ ಲೆಕ್ಕ ಹೇಗೆ ಅಂತ ಇಲ್ಲಿ ಪೂರ್ತಿ ಬರೀತಿದೀನಿ, ಉದ್ದ ಆಗ್ತದೆ, ಆದ್ರೆ ಜೀವಮಾನದ ಉಳಿತಾಯ ಹಾಕೋ ವಿಷಯ, ನಿಧಾನಕ್ಕೆ ಓದಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಮಳೆಗಾಲ ಕಾಣದ ರಿಪೇರಿ ರಿಪೇರಿ ಅಲ್ಲ. ಅದಕ್ಕೆ ಪೂರ್ತಿ ದುಡ್ಡು ಕೊಡ್ಬೇಡಿ. ದೀಪಾವಳಿ ಮುಗಿದ ಮೇಲೆ ಕೆಲಸ ಶುರು ಮಾಡಿ ಫೆಬ್ರವರಿ, ಮಾರ್ಚ್‌ಗೆ ಮಾರೋಕೆ ಇಟ್ಟ ಮನೆ ಎಷ್ಟೇ ಚಂದ ಇದ್ರೂ ಅದು ಇನ್ನೂ ಪರೀಕ್ಷೆ ಬರೆದಿಲ್ಲ.

ಮನೆ ನೋಡೋಕೆ ಹೋಗೋ ಮೊದಲು: ಇಸಿ ತೆಗೆಸಿ

ಎಲ್ರೂ ಮಾಡೋ ತಪ್ಪು ಇದು, ಮೊದಲು ಮನೆ ನೋಡ್ತಾರೆ, ಇಷ್ಟ ಆಗ್ತದೆ, ಆಮೇಲೆ ಲೆಕ್ಕ ಹಾಕ್ತಾರೆ. ಇಷ್ಟ ಆದ ಮೇಲೆ ಹಾಕೋ ಲೆಕ್ಕ ಯಾವಾಗ್ಲೂ ಮಾರುವವರ ಕಡೆಗೇ ವಾಲ್ತದೆ.

ಏಜೆಂಟ್ ಹತ್ರ ಸರ್ವೇ ನಂಬರ್ ಇಲ್ಲಾ ಆಸ್ತಿ ನಂಬರ್ ತಗೊಂಡು ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. 2004ರಿಂದ ಈಚಿನದು ಆನ್‌ಲೈನ್‌ನಲ್ಲೇ ಸಿಗ್ತದೆ, ಅದಕ್ಕಿಂತ ಹಳೇದು ಬೇಕಾದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು. ಎಲ್ರೂ ಇಸಿ ನೋಡೋದು ಸಾಲ ಇದ್ಯಾ ಅಂತ. ನೀವು ಇನ್ನೂ ಎರಡು ವಿಷಯ ನೋಡಿ. ಒಂದು, ಈಗ ಮಾರುವವ್ರು ಈ ಮನೆಯನ್ನ ಯಾವಾಗ ತಗೊಂಡ್ರು. ಎಂಟು ತಿಂಗಳ ಹಿಂದೆ ತಗೊಂಡಿದ್ರೆ ಇದು ವ್ಯಾಪಾರಕ್ಕೆ ಮಾಡಿದ ರಿಪೇರಿ, ಇಪ್ಪತ್ತು ವರ್ಷ ಅಲ್ಲೇ ಇದ್ದವ್ರು ಮಾಡಿಸಿದ್ದು ಬೇರೆ ನಮೂನೆ ರಿಪೇರಿ. ವ್ಯಾಪಾರಕ್ಕೆ ಮಾಡೋದು ತಪ್ಪು ಅಂತ ಅಲ್ಲ, ಆದ್ರೆ ತಾವೇ ಇರೋಕೆ ಮಾಡಿಸುವವ್ರು ಮೊದಲು ಮಾಡು, ಅಂದ್ರೆ ಚಾವಣಿ ನೋಡ್ತಾರೆ, ಮಾರೋಕೆ ಮಾಡಿಸುವವ್ರು ಮೊದಲು ಹಾಲ್ ನೋಡ್ತಾರೆ. ಎರಡು, ಆಗ ಪತ್ರದಲ್ಲಿ ಎಷ್ಟು ಬೆಲೆ ತೋರಿಸಿದ್ರು. ಪತ್ರದ ಬೆಲೆ ನಿಜವಾದ ಬೆಲೆ ಆಗಿರ್ಲೇಬೇಕು ಅಂತಿಲ್ಲ, ಆದ್ರೂ ಎಲ್ಲಿಂದ ಎಲ್ಲಿಗೆ ಜಿಗಿದಿದೆ ಅನ್ನೋ ಅಂದಾಜು ಸಿಗ್ತದೆ.

ಮಾರುವವ್ರ ಹತ್ರ ಹಳೇ ಫೋಟೋ ಕೇಳಿ, ರಿಪೇರಿ ಮೊದಲಿಂದು. ಒಳ್ಳೇ ಕೆಲಸ ಮಾಡಿಸಿದವ್ರು ಖುಷಿಯಿಂದ ತೋರಿಸ್ತಾರೆ, ಮೇಸ್ತ್ರಿ ಹೆಸ್ರು ಸಮೇತ ಹೇಳ್ತಾರೆ. ಕಂಪ್ಯೂಟರ್ ಇದ್ರೆ ಗೂಗಲ್ ಅರ್ಥ್ ಪ್ರೊದಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರ ನೋಡ್ಬಹುದು, ಹಂಚಿನ ಮಾಡು ಯಾವ ವರ್ಷ ಶೀಟ್ ಆಯ್ತು, ಹಿಂದಿನ ರೂಮು ಯಾವಾಗ ಬಂತು ಅನ್ನೋದು ಎಷ್ಟೋ ಕಡೆ ಅದರಲ್ಲೇ ಗೊತ್ತಾಗ್ತದೆ.

ಜಾಗ ಬೇರೆ, ಮನೆ ಬೇರೆ, ರಿಪೇರಿ ಬೇರೆ

"ಒಟ್ಟಿಗೆ 58 ಲಕ್ಷ" ಅಂತಾರಲ್ಲ, ಆ ಒಟ್ಟಿಗೆ ಅನ್ನೋ ಶಬ್ದ ಬಿಡಿಸೋದೇ ಕೆಲಸ. ಮೂರು ಭಾಗ ಮಾಡ್ಕೊಳ್ಳಿ.

ಜಾಗದ್ದು ಗುಂಟೆ ಲೆಕ್ಕ. ಒಂದು ಗುಂಟೆ ಅಂದ್ರೆ 1089 ಚದರಡಿ, 40 ಗುಂಟೆಗೆ ಒಂದು ಎಕರೆ. ಸರ್ಕಾರದ ಮಾರ್ಗಸೂಚಿ ಬೆಲೆ ಕಾವೇರಿಯಲ್ಲೇ ಸಿಗ್ತದೆ, ಇದನ್ನ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಏರಿಸಿದ್ರು, ಆದ್ರೆ ಅದು ಕನಿಷ್ಠ ರೇಟು ಅಷ್ಟೇ, ಮಾರ್ಕೆಟ್ ರೇಟ್ ಅಲ್ಲ. ಮಾರ್ಕೆಟ್ ರೇಟಿಗೆ ಅದೇ ಕೇರಿಯಲ್ಲಿ ಒಂದೆರಡು ವರ್ಷದೊಳಗೆ ನಿಜವಾಗ್ಲೂ ಮಾರಾಟ ಆದ ಮೂರು ಜಾಗ ಹುಡುಕಿ. ಹೇಳ್ತಿರೋ ರೇಟಲ್ಲ, ಕೈ ಬದಲಾದ ರೇಟು. ದಸ್ತಾವೇಜು ಬರೆಯುವವ್ರ ಹತ್ರ, ಪಕ್ಕದ ಅಂಗಡಿಯವ್ರ ಹತ್ರ, ಸೊಸೈಟಿಯಲ್ಲಿ ಕೇಳಿ. ಒಂದೇ ಊರಲ್ಲೂ ಎರಡು ಪಟ್ಟು ವ್ಯತ್ಯಾಸ ಇರ್ತದೆ, ಕಾರವಾರದ ಕಾಜುಬಾಗದ ರೇಟು ಹಿಡ್ಕೊಂಡು ಅಮದಳ್ಳಿಗೆ ಹೋಗೋಕಾಗಲ್ಲ, ಶಿರಸಿ ಪೇಟೆ ರೇಟು ಬನವಾಸಿ ರೋಡಿನ ಒಳದಾರಿಗೆ ಹೊಂದಲ್ಲ. ಕಾರು ಅಂಗಳದವರೆಗೆ ಬರ್ತದಾ, ಆ ದಾರಿ ದಾಖಲೆಯಲ್ಲಿ ಇದ್ಯಾ ಇಲ್ಲಾ ಪಕ್ಕದವ್ರ ಒಳ್ಳೇತನದ ಮೇಲೆ ನಡೀತಿದ್ಯಾ, ಬಾವಿ ಇದ್ಯಾ, ಜಾಗ ತಗ್ಗಾ ಅನ್ನೋದರ ಮೇಲೆ ಗುಂಟೆಗೆ ಏರಿಸಿ ಇಳಿಸಿ.

ಮನೆಯ ಭಾಗಕ್ಕೆ ಬ್ಯಾಂಕಿನ ವ್ಯಾಲ್ಯುಯರ್ ಮಾಡೋ ಹಂಗೇ ಮಾಡಿ. ಇವತ್ತು ಅಷ್ಟೇ ಅಳತೆ ಮನೆ ಹೊಸದಾಗಿ ಕಟ್ಟೋಕೆ ಚದರಡಿಗೆ ಎಷ್ಟು ಅಂತ ಇಬ್ರು ಕಾಂಟ್ರ್ಯಾಕ್ಟರ್ ಹತ್ರ ಕೇಳಿ, ಅದನ್ನ ಅಳತೆಗೆ ಗುಣಿಸಿ, ವಯಸ್ಸಿನ ಸವಕಳಿ ಕಳೀರಿ. ಆರ್‌ಸಿಸಿ ಮನೆಗೆ ಸಾಮಾನ್ಯವಾಗಿ 60 ವರ್ಷ ಆಯಸ್ಸು, ಕೊನೆಗೆ 10 ಪರ್ಸೆಂಟ್ ಉಳಿಕೆ ಬೆಲೆ ಅಂತ ಹಿಡೀತಾರೆ. 1200 ಚದರಡಿ, ರೇಟು 1800 ಅಂತ ಲೆಕ್ಕಕ್ಕೆ ಇಟ್ಕೊಂಡ್ರೆ 21.6 ಲಕ್ಷ. ಮನೆ 25 ವರ್ಷ ಹಳೇದಾದ್ರೆ 25ನ್ನ 60ರಿಂದ ಭಾಗಿಸಿ 90 ಪರ್ಸೆಂಟಿಗೆ ಗುಣಿಸಿ, 37.5 ಪರ್ಸೆಂಟ್ ಸವಕಳಿ, ಅಂದ್ರೆ 8.1 ಲಕ್ಷ ಹೋಗಿ 13.5 ಲಕ್ಷ ಉಳೀತು. ಸಮುದ್ರದಿಂದ ಕೂಗಳತೆ ದೂರದ ಮನೆ ಆದ್ರೆ ನಾನು ಇನ್ನೂ ಹತ್ತು ವರ್ಷ ಜಾಸ್ತಿ ವಯಸ್ಸಾಗಿದೆ ಅಂತಲೇ ಲೆಕ್ಕ ಹಾಕ್ತೀನಿ, ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣದ ರಾಡು ತಿನ್ನೋ ಸ್ಪೀಡು ನೋಡಿದವ್ರಿಗೆ ಇದು ಅತಿ ಅನ್ಸಲ್ಲ.

ಇನ್ನು ರಿಪೇರಿ. "12 ಲಕ್ಷ ಹಾಕಿದೀವಿ" ಅಂತಾರೆ. ಹಾಕಿದ್ದು ಸುಳ್ಳು ಅಂತ ಹೇಳ್ತಿಲ್ಲ, ಆದ್ರೆ ಅವ್ರು ಹಾಕಿದ ದುಡ್ಡಿಗೂ ನಿಮಗೆ ಸಿಗೋ ಬೆಲೆಗೂ ಸಂಬಂಧ ಕಮ್ಮಿ. ಇನ್ನೊಂದು ಸೂಕ್ಷ್ಮ ಇದೆ, ಹಳೇ ವೈರಿಂಗ್, ಹಳೇ ಬಚ್ಚಲಿನ ಬೆಲೆ ಮೇಲಿನ 13.5ರಲ್ಲಿ ಆಗ್ಲೇ ಸೇರಿಕೊಂಡಿದೆ, ಅದನ್ನೇ ಕಿತ್ತು ಹೊಸದು ಹಾಕಿದ್ದಕ್ಕೆ ಪೂರ್ತಿ ಕೊಟ್ರೆ ಒಂದೇ ವಸ್ತುವಿಗೆ ಎರಡು ಸಲ ಕೊಟ್ಟಂಗೆ. ನಾನು ಹಿಡಿಯೋ ಲೆಕ್ಕ ಹೀಗೆ: ಮಾಡು, ವೈರಿಂಗ್, ನೀರಿನ ಲೈನು, ಬಾವಿ, ಒಳಚರಂಡಿ ಇಂಥ ಮನೆಯ ಜೀವಾಳದ ಕೆಲಸ ಬಿಲ್ ಸಮೇತ ಇದ್ರೆ ಖರ್ಚಿನ ಮುಕ್ಕಾಲು ಪಾಲಿಂದ ತೊಂಬತ್ತು ಪರ್ಸೆಂಟ್ ಆಸುಪಾಸಿನ ತನಕ ಕೊಡ್ಬಹುದು, ಗಟ್ಟಿ ಕೆಲಸಕ್ಕೆ ಕಂಜೂಸಿ ಮಾಡ್ಬಾರ್ದು. ಬಾತ್‌ರೂಮು, ಟೈಲ್ಸು, ಅಡುಗೆಮನೆ ಕಪಾಟಿಗೆ ಅರ್ಧದ ಆಸುಪಾಸು, ಯಾಕಂದ್ರೆ ಅದು ಅವ್ರ ರುಚಿ. ಕಪಾಟು ಪಾರ್ಟಿಕಲ್ ಬೋರ್ಡಿಂದು ಆಗಿದ್ರೆ ನಮ್ಮ ಕಡೆ ತೇವಕ್ಕೆ ನಾಲ್ಕು ಮಳೆಗಾಲ ತಡೆದ್ರೆ ದೊಡ್ಡದು, ಅದಕ್ಕೆ ಅರ್ಧಕ್ಕಿಂತ ಕಮ್ಮಿ. ಪೇಂಟು, ಪಿಒಪಿ, ಲೈಟು, ಗೇಟಿಗೆ ಹತ್ತಿಪ್ಪತ್ತು ಪರ್ಸೆಂಟ್ ಸಾಕು. ಪಿಒಪಿ ಇದ್ರೆ ನನಗೆ ಅನುಮಾನವೇ ಜಾಸ್ತಿ, ಸ್ಲ್ಯಾಬ್ ಸೋರೋದನ್ನ ಮುಚ್ಚೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಈಗ ಮನೆಗೆ ಹೋಗಿ, ಕೈಯಲ್ಲಿ ಒಂದು ನಾಣ್ಯ ಇಟ್ಕೊಂಡು

ಇಲ್ಲಿ ಟೈಮ್ ಕೊಡಿ. ಒಂದು ಸಲ ಅಲ್ಲ, ಎರಡು ಸಲವಾದ್ರೂ ಹೋಗಿ. ಮುರುಗಲ ಪಾನಕ ಕುಡಿದು ಹಾಲ್‌ನಲ್ಲೇ ಕೂತು ಮಾತಾಡಿ ಬರೋ ಭೇಟಿ ಮೊದಲನೇದಕ್ಕೆ ಆಯ್ತು, ಎರಡನೇ ಸಲ ಒಬ್ಬ ಹಳೇ ಮೇಸ್ತ್ರಿ ಕರ್ಕೊಂಡು ಹೋಗಿ, ಅವ್ರಿಗೆ ಒಂದು ದಿನದ ಸಂಬಳ ಕೊಡಿ, ನಿಮ್ಮ ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕ ಖರ್ಚು ಅದೇ.

ಹೊರಗಿಂದ ಶುರು ಮಾಡಿ. ಕಿಟಕಿ ಮೇಲಿನ ಸಜ್ಜಾದ ತಳಭಾಗ, ಬಾಲ್ಕನಿ ತಳಭಾಗ, ಟ್ಯಾಂಕಿಯ ಕೆಳಗಿನ ಸ್ಲ್ಯಾಬ್ ನೋಡಿ. ಕರಾವಳಿ ಮನೆಯಲ್ಲಿ ರಾಡು ತುಕ್ಕು ಹಿಡಿಯೋದು ಮೊದಲು ಗೊತ್ತಾಗೋದು ಅಲ್ಲಿ. ತುಕ್ಕು ಹಿಡಿದ ರಾಡು ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನ ಒಡೀತದೆ. ರಿಪೇರಿ ಮಾಡಿದ ಮನೆಯಲ್ಲಿ ಒಡಕು ಕಾಣಲ್ಲ, ಮೇಲೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆದಿರ್ತಾರೆ. ನಾಣ್ಯದಲ್ಲಿ ತಟ್ಟಿ ನೋಡಿ, ಗಟ್ಟಿ ಇದ್ರೆ ಟಣ್ ಅಂತದೆ, ಒಳಗೆ ಬಿಟ್ಟಿದ್ರೆ ಖಾಲಿ ಡಬ್ಬದ ಸದ್ದು. ರಾಡು ಕ್ಲೀನ್ ಮಾಡಿ ತುಕ್ಕು ತಡೆಯೋ ಕೋಟಿಂಗ್ ಕೊಟ್ಟು ಮುಚ್ಚಿದ್ದಾ, ಹಂಗೇ ಮೆತ್ತಿದ್ದಾ ಅಂತ ಕೇಳಿ. ಹಂಗೇ ಮೆತ್ತಿದ್ದಾದ್ರೆ ಎರಡು ಮೂರು ವರ್ಷದಲ್ಲಿ ವಾಪಸ್ ಬರ್ತದೆ.

ಗೋಡೆ ಚಿರೆಕಲ್ಲಿಂದು (ಕೆಂಪು ಜಂಬಿಟ್ಟಿಗೆ ಕಲ್ಲು) ಆಗಿದ್ರೆ ನೆಲದಿಂದ ಮೂರಡಿ ಎತ್ತರದವರೆಗೆ ಅಂಗೈ ಇಟ್ಟು ನೋಡ್ತಾ ಹೋಗಿ. ಚಿರೆಕಲ್ಲು ರಂಧ್ರದ ಕಲ್ಲು, ನೆಲದ ನೀರನ್ನ ಬತ್ತಿ ಎಣ್ಣೆ ಎಳೆದಂಗೆ ಮೇಲೆ ಎಳೀತದೆ. ಆ ಮೂರಡಿಗೆ ಮಾತ್ರ ಟೈಲ್ಸ್ ಇಲ್ಲಾ ಪಿವಿಸಿ ಶೀಟ್ ಹಚ್ಚಿದ್ರೆ ಡಿಸೈನ್ ಅಂತ ತಿಳ್ಕೊಳ್ಬೇಡಿ, ಅದರ ಹಿಂದೆ ತೇವ ಇದ್ಯಾ ಅಂತ ಒಂದು ಕಡೆ ತೆಗೆದು ನೋಡೋಕೆ ಪರ್ಮಿಷನ್ ಕೇಳಿ. ಕಪಾಟಿನ ಒಳಗೆ, ಮಂಚದ ಹಿಂದೆ, ಮೆಟ್ಟಿಲ ಕೆಳಗೆ ಮೂಗು ಹಾಕಿ ವಾಸನೆ ನೋಡಿ, ಪೇಂಟಿನ ವಾಸನೆ ಅಡಿಯಲ್ಲೂ ಬೂಷ್ಟಿನ ವಾಸನೆ ಅಡಗಲ್ಲ.

ಮಾಡು ಹತ್ತಲೇಬೇಕು. ಹಂಚಿನ ಮನೆ ಆದ್ರೆ ಮೆತ್ತಿಗೆ, ಅಂದ್ರೆ ಅಟ್ಟಕ್ಕೆ ಹತ್ತಿ ಹಂಚು ಹೊರೋ ಮರ, ಪಕಾಸಿ, ರೀಪು ಒಂದೊಂದೂ ಟಾರ್ಚ್ ಬಿಟ್ಟು ನೋಡಿ, ಹೊಸ ಹಂಚು ಹಳೇ ಪಕಾಸಿ ಮೇಲೆ ಕೂತಿದ್ಯಾ ಅನ್ನೋದೇ ಪ್ರಶ್ನೆ. ಒರಲೆ (ಗೆದ್ದಲು) ತಿಂದ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದ್ರೆ ಬಿಸ್ಕಿಟ್ ಹಂಗೆ ಒಳಗೆ ಹೋಗ್ತದೆ. ಶಿರಸಿ, ಸಿದ್ದಾಪುರ ಕಡೆ ಉಪ್ಪುಗಾಳಿ ತೊಂದರೆ ಇಲ್ಲ, ಆದ್ರೆ ಒರಲೆ, ತೇವ ಎರಡೂ ಘಟ್ಟದ ಕೆಳಗಿನಷ್ಟೇ, ಮರದ ಕೆಲಸ ಜಾಸ್ತಿ ಇರೋದ್ರಿಂದ ಅಲ್ಲಿ ನಾನು ಮಾಡಿನ ಮರಕ್ಕೇ ಹೆಚ್ಚು ಟೈಮ್ ಕೊಡ್ತೀನಿ. ಟೆರೇಸ್ ಮೇಲೆ ಶೀಟ್ ಹಾಕಿದ್ರೆ ಒಳ್ಳೇದು, ಆದ್ರೆ ಅದರ ಕೆಳಗೆ ಸ್ಲ್ಯಾಬಿನ ಕಥೆ ಎಂತ ಅಂತ ಕೇಳಿ, ಸೋರಿದ ಸ್ಲ್ಯಾಬಿನ ಮೇಲೆ ಮಾಡು ಹಾಕಿದ್ರೆ ಸೋರೋದು ನಿಲ್ತದೆ, ಆಗ್ಲೇ ತುಕ್ಕು ಹಿಡಿದ ರಾಡು ಹೊಸದಾಗಲ್ಲ.

ಬಾವಿ ನೀರು ಏಪ್ರಿಲ್, ಮೇನಲ್ಲಿ ಕುಡಿದು ನೋಡಿ. ಹೊಳೆ ಬಾಯಿ ಹತ್ರ, ಸಮುದ್ರದ ಬದಿ ಎಷ್ಟೋ ಬಾವಿ ಡಿಸೆಂಬರಲ್ಲಿ ಸಿಹಿ, ಮೇನಲ್ಲಿ ಉಪ್ಪು. ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರ್ ಅಗ್ಗಕ್ಕೆ ಸಿಗ್ತದೆ, ಭಾರತೀಯ ಮಾನಕದ ಪ್ರಕಾರ ಕುಡಿಯೋ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ರೆ 2000 ತನಕ ನಡೀತದೆ. ಹೊಸ ಬಾತ್‌ರೂಮ್ ಮಾಡಿದ್ರೆ ಅದರ ಶೌಚದ ಗುಂಡಿ ಎಲ್ಲಿದೆ ಕೇಳಿ, ಬಾವಿಗೂ ಅದಕ್ಕೂ 50-60 ಅಡಿ ಇದ್ರೆ ಸಮಾಧಾನ. ನಾಲ್ಕು ಗುಂಟೆ ಜಾಗದಲ್ಲಿ ಮೂರನೇ ಬಾತ್‌ರೂಮ್ ಸೇರಿಸಿದವ್ರು ಗುಂಡಿಯನ್ನ ಬಾವಿ ಪಕ್ಕ ತಂದಿಟ್ಟಿದ್ದನ್ನ ಕಣ್ಣಾರೆ ನೋಡಿದೀನಿ. ಕರೆಂಟಿಂದು ಬೇಗ ಮುಗೀತದೆ: ಮೇನ್ ಬೋರ್ಡಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಇದ್ಯಾ, ಅರ್ಥಿಂಗ್ ಇದ್ಯಾ, ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು, ಎರಡು ಎಸಿ ಹಾಕಿ ಹಳೇ ಲೋಡೇ ಇಟ್ಟಿದಾರಾ.

ನೆರೆ ನೀರಿನ ವಿಷಯ ಮನೆಯವ್ರ ಹತ್ರ ಕೇಳೋದಲ್ಲ, ಎದುರು ಮನೆ ಅಜ್ಜಿ ಹತ್ರ ಕೇಳಿ. "2019ರಲ್ಲಿ ನೀರು ಎಲ್ಲೀವರೆಗೆ ಬಂದಿತ್ತು ಅಮ್ಮ?" ಅಷ್ಟು ಕೇಳಿದ್ರೆ ಸಾಕು. 2019ರ ಆಗಸ್ಟ್, 2021ರ ಜುಲೈ ಎರಡು ಸಲವೂ ಕದ್ರಾ ಡ್ಯಾಮಿನ ನೀರು ಬಿಟ್ಟಾಗ ಕಾಳಿ ದಂಡೆಯವ್ರು, ಅತ್ತ ಗಂಗಾವಳಿ ದಂಡೆಯವ್ರು ಪಟ್ಟ ಪಾಡು ಆ ಕೇರಿಗಳಲ್ಲಿ ಇನ್ನೂ ಮರೆತಿಲ್ಲ. ನೀರು ಒಳಗೆ ಬಂದಿದ್ದ ಮನೆಗೆ ಜಾಗದ ರೇಟಿನಲ್ಲೇ ಕಡಿತ ಮಾಡಿ, ರಿಪೇರಿಯಲ್ಲಲ್ಲ. ಇನ್ನು ಮನೆ ಹಿಂದೆ ಗುಡ್ಡ ನೆಟ್ಟಗೆ ಕಡಿದಿದ್ರೆ, ಕಡಿದ ಮಣ್ಣು ಹಂಗೇ ಬೆತ್ತಲೆ ನಿಂತಿದ್ರೆ, ಅದಕ್ಕೆ ಎಷ್ಟು ಕಡಿತ ಅಂತ ನನ್ನ ಕೇಳ್ಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಏನಾಯ್ತು ಅಂತ ನಾವೆಲ್ಲ ನೋಡಿದೀವಿ. ಅಂಥ ಮನೆಗೆ ಆಫರೇ ಮಾಡ್ಬೇಡಿ, ಎಷ್ಟು ಅಗ್ಗಕ್ಕೆ ಬಂದ್ರೂ.

ಕಾಗದ ಪತ್ರವೂ ಬೆಲೆಯ ಭಾಗವೇ

ಮೊದಲ ಪ್ರಶ್ನೆ, ಮಾಲ್ಕಿ, ಅಂದ್ರೆ ಸ್ವಂತ ಹಕ್ಕಿನ ಜಾಗವೋ ಅತಿಕ್ರಮಣವೋ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಅತಿಕ್ರಮಣ ಜಾಗದಲ್ಲೂ ಚಂದ ಚಂದ ಮನೆ ಇದೆ, ಅಲ್ಲಿ ಬದುಕಿ ಬಾಳಿದ ಕುಟುಂಬಗಳ ಬಗ್ಗೆ ನನಗೆ ಗೌರವ ಇದೆ, ಆದ್ರೆ ಕೊಳ್ಳುವವ್ರಿಗೆ ಅಲ್ಲಿ ಸಿಗೋದು ಗೋಡೆ ಮಾತ್ರ, ನೆಲ ಅಲ್ಲ. ಎರಡನೇದು, ಬಿನ್‌ಶೇತ್ಕಿ, ಅಂದ್ರೆ ಕೃಷಿಯೇತರ ಜಾಗ ಅಂತ ಪರಿವರ್ತನೆ, ಆಗಿದ್ಯಾ. ಪಂಚಾಯ್ತಿ ವ್ಯಾಪ್ತಿ ಆದ್ರೆ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ ಇ-ಸ್ವತ್ತಿನ ಫಾರ್ಮ್ 9, ಫಾರ್ಮ್ 11 ನೋಡಿ, ಅದರಲ್ಲಿ ಬರೆದ ಮನೆ ಅಳತೆಗೂ ನೀವು ಟೇಪ್ ಹಿಡಿದು ಅಳೆದಿದ್ದಕ್ಕೂ ತಾಳೆ ಆಗ್ತದಾ ನೋಡಿ. ರಿಪೇರಿ ಹೊತ್ತಿಗೆ ಸೇರಿಸಿದ ರೂಮು, ಮೇಲಿನ ಮಹಡಿ ದಾಖಲೆಯಲ್ಲಿ ಇಲ್ಲದಿದ್ರೆ ಆ ಭಾಗಕ್ಕೆ ನನ್ನ ಲೆಕ್ಕದಲ್ಲಿ ಬೆಲೆ ಸೊನ್ನೆ, ಬ್ಯಾಂಕಿನವ್ರೂ ಅದನ್ನ ಹಿಡಿಯಲ್ಲ.

ಸಮುದ್ರ ಇಲ್ಲಾ ಉಬ್ಬರದ ನೀರು ಬರೋ ಹೊಳೆ, ಖಾರಿ ಹತ್ರ ಇದ್ರೆ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ ಕೇಳಲೇಬೇಕು. 2019ರ ಅಧಿಸೂಚನೆ ಪ್ರಕಾರ ಗ್ರಾಮೀಣ ಭಾಗದಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆ ಇರೋ ಕಡೆ ಸಮುದ್ರದ ಉಬ್ಬರ ರೇಖೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಹೊಸ ಕಟ್ಟಡ ಇಲ್ಲದ ವಲಯ. ಅಧಿಕೃತವಾಗಿ ಇದ್ದ ಮನೆ ರಿಪೇರಿ ಮಾಡ್ಬಹುದು, ಆದ್ರೆ ಮೊದಲಿದ್ದ ಅಡಿಪಾಯದ ಅಳತೆ ಮೀರ್ಬಾರ್ದು. ಅಂದ್ರೆ ಕಡಲಿನ ಬದಿಯ ಆ ಹೊಸ ಸಿಟ್‌ಔಟು, ಹೊಸ ರೂಮು, ಯಾವುದಕ್ಕೆ ಅವ್ರು ಜಾಸ್ತಿ ರೇಟು ಹೇಳ್ತಿದಾರೋ ಅದೇ ನಿಮ್ಮ ತಲೆಗೆ ಬರೋ ಸಾಧ್ಯತೆ ಇದೆ.

ಹಿರಿಯರ ಆಸ್ತಿ ಆಗಿದ್ರೆ ಮುಂಬೈ, ಗೋವಾದಲ್ಲಿರೋ ಅಣ್ಣತಮ್ಮಂದಿರು, ಮದುವೆ ಆಗಿ ಹೋದ ಅಕ್ಕತಂಗಿಯರು ಎಲ್ಲರ ಸಹಿ ಬೇಕು, ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯೇ ಹೇಳ್ತದೆ. "ಅವ್ಳು ಕೇಳಲ್ಲ ಬಿಡಿ" ಅನ್ನೋ ಮಾತಿನ ಮೇಲೆ ಒಂದು ರೂಪಾಯಿ ಅಡ್ವಾನ್ಸ್ ಕೊಡ್ಬೇಡಿ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡುವ

ಪಂಚಾಯ್ತಿ ವ್ಯಾಪ್ತಿಯ ಒಂದು ಮನೆ ಅಂತ ಇಟ್ಕೊಳ್ಳಿ, ನಂಬರೆಲ್ಲ ಲೆಕ್ಕ ತಿಳಿಯೋಕೆ ಹಾಕಿದ್ದು, ನಿಮ್ಮೂರಿನ ರೇಟು ಹಾಕ್ಕೊಳ್ಳಿ. ಹೇಳಿದ ರೇಟು 58 ಲಕ್ಷ. ಜಾಗ 4 ಗುಂಟೆ, ಗುಂಟೆಗೆ 6 ಲಕ್ಷದಂತೆ 24. ಮನೆ ಸವಕಳಿ ಕಳೆದು 13.5.

ರಿಪೇರಿ 12 ಲಕ್ಷದ್ದು ಅಂತಾರಲ್ಲ, ಬಿಡಿಸಿ. ಶೀಟ್ ಮಾಡು 2.2, ಅದಕ್ಕೆ 2 ಕೊಡ್ಬಹುದು. ವೈರಿಂಗ್ 1.3, ಬಿಲ್ ಇದೆ, 1.2. ಬಾತ್‌ರೂಮು ನೀರಿನ ಲೈನು 2.5, ಅದಕ್ಕೆ 1.5. ಕಪಾಟು 2.2, ಅದಕ್ಕೆ 1. ಟೈಲ್ಸ್ 1.8, ಅದಕ್ಕೆ 1. ಪೇಂಟು ಪಿಒಪಿ ಲೈಟು ಗೇಟು ಸೇರಿ 2, ಅದಕ್ಕೆ 0.3. ಒಟ್ಟು 7 ಲಕ್ಷ. ಮೂರೂ ಸೇರಿಸಿದ್ರೆ 44.5.

ಇನ್ನು ಕಳೆಯೋದು. ಸಜ್ಜಾ ಎರಡು ಕಡೆ ಖಾಲಿ ಸದ್ದು, ಮೇಸ್ತ್ರಿ ಅಂದಾಜು 80 ಸಾವಿರ. ಗುಂಡಿ ಬಾವಿ ಹತ್ರ ಇದೆ, ಬೇರೆ ಕಡೆ ಮಾಡೋಕೆ 1.2 ಲಕ್ಷ. ಮಳೆ ಕಾಣದ ರಿಪೇರಿ ಅಂತ 1.5 ಲಕ್ಷ, ಇದು ನನ್ನ ಸ್ವಂತ ರೂಲು, ಮನೆ ಮತ್ತು ರಿಪೇರಿ ಬೆಲೆ ಸೇರಿಸಿ ಅದರ ಏಳೆಂಟು ಪರ್ಸೆಂಟ್ ಹಿಡೀತೀನಿ. ಒಟ್ಟು 3.5 ಹೋಗಿ 41 ಉಳೀತು. ನ್ಯಾಯಕ್ಕೆ ಒಂದು ಸೇರಿಸಲೂ ಬೇಕು: ನೀವೇ ಹಳೇ ಮನೆ ತಗೊಂಡು ರಿಪೇರಿ ಮಾಡಿಸಿದ್ರೆ ಎಂಟು ತಿಂಗಳು ಬಾಡಿಗೆ ಮನೆಯಲ್ಲಿರ್ಬೇಕಿತ್ತು, ತಿಂಗಳಿಗೆ 9 ಸಾವಿರ ಅಂದ್ರೆ 72 ಸಾವಿರ, ಮೇಸ್ತ್ರಿ ಹಿಂದೆ ಓಡಾಡೋ ಕಷ್ಟ ಬೇರೆ. ಹಂಗಾಗಿ 42. ಇದು ನಿಮ್ಮ ಕೊನೇ ನಂಬರು. ಚೀಟಿಯಲ್ಲಿ ಬರೆದು ಮನೆಯವ್ರ ಕೈಯಲ್ಲಿ ಕೊಟ್ಟಿಡಿ, ಮಾತುಕತೆ ಬಿಸಿಯಲ್ಲಿ ಇದನ್ನ ದಾಟ್ಬಾರ್ದು.

ಖರ್ಚು ಇಲ್ಲಿಗೇ ನಿಲ್ಲಲ್ಲ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲಿನ ಸೆಸ್ಸು ಸರ್ಚಾರ್ಜು, 2025ರ ಆಗಸ್ಟ್ 31ರಿಂದ ಒಂದರಿಂದ ಎರಡು ಪರ್ಸೆಂಟ್ ಆದ ನೋಂದಣಿ ಶುಲ್ಕ ಎಲ್ಲ ಸೇರಿ ಗ್ರಾಮೀಣ ಭಾಗದಲ್ಲಿ 7.65 ಪರ್ಸೆಂಟ್, ಪೇಟೆಯಲ್ಲಿ 7.6. 42 ಲಕ್ಷಕ್ಕೆ 3.21 ಲಕ್ಷ ಆಯ್ತು. ಬ್ಯಾಂಕು ಸಾಲ ಕೊಡೋದು ಸಾಮಾನ್ಯವಾಗಿ ತನ್ನ ವ್ಯಾಲ್ಯುಯೇಶನ್, ನಿಮ್ಮ ಕರಾರಿನ ಬೆಲೆ ಎರಡರಲ್ಲಿ ಕಮ್ಮಿ ಇರೋದರ ಮೇಲೆ, 30 ಲಕ್ಷದವರೆಗಿನ ಸಾಲಕ್ಕೆ 90 ಪರ್ಸೆಂಟ್, 30ರಿಂದ 75 ಲಕ್ಷದ ಸಾಲಕ್ಕೆ 80 ಪರ್ಸೆಂಟ್ ತನಕ. ವ್ಯಾಲ್ಯುಯರ್ 38 ಅಂದ್ರೆ ಸಾಲ 30.4, ಕೈಯಿಂದ 11.6, ಜೊತೆಗೆ 3.21, ಒಟ್ಟು 14.8 ಲಕ್ಷ ನಗದು ರೆಡಿ ಇರ್ಬೇಕು. ಅಷ್ಟಿಲ್ಲ ಅಂದ್ರೆ ನಿಮ್ಮ ಕೊನೇ ನಂಬರು 42 ಅಲ್ಲ, ಮನೆ ಬೆಲೆ ಎಷ್ಟೇ ಇರ್ಲಿ. ಬೆಲೆ 50 ಲಕ್ಷ ಮುಟ್ಟಿದ್ರೆ ಮಾರುವವ್ರಿಗೆ ಕೊಡೋ ದುಡ್ಡಲ್ಲಿ 1 ಪರ್ಸೆಂಟ್ ಟಿಡಿಎಸ್, ಅಂದ್ರೆ ಆದಾಯ ತೆರಿಗೆ, ನೀವೇ ಕಟ್ ಮಾಡಿ ಕಟ್ಬೇಕು, ಇದು ಮರೆಯೋರು ಜಾಸ್ತಿ. ಕಪ್ಪು ಬಿಳಿ ಅಂತ ಅರ್ಧ ಕ್ಯಾಶ್ ಕೇಳಿದ್ರೆ ಒಪ್ಬೇಡಿ, ಆಸ್ತಿ ವ್ಯವಹಾರದಲ್ಲಿ 20 ಸಾವಿರ ಇಲ್ಲಾ ಅದಕ್ಕಿಂತ ಹೆಚ್ಚು ನಗದು ತಗೊಳೋದು ಕಾನೂನಿಗೆ ವಿರುದ್ಧ, ನಾಳೆ ವ್ಯವಹಾರ ಮುರಿದ್ರೆ ಆ ದುಡ್ಡಿಗೆ ಸಾಕ್ಷಿಯೂ ಇಲ್ಲ.

ಆಫರ್ ಹೇಳೋ ರೀತಿ

42 ಕೊನೇ ನಂಬರಾದ್ರೆ ನಾನು 37ರಿಂದ 38ಕ್ಕೆ ಶುರು ಮಾಡ್ತೀನಿ. 58 ಹೇಳಿದವ್ರಿಗೆ 30 ಅಂದ್ರೆ ಅವಮಾನ ಆಗ್ತದೆ, ನಮ್ಮ ಸಣ್ಣ ಊರುಗಳಲ್ಲಿ ನಾಳೆ ಮತ್ತೆ ಮುಖ ನೋಡ್ಬೇಕು. ಏಜೆಂಟ್ ಹತ್ರ ಫೋನಲ್ಲಿ ನಂಬರ್ ಬಿಡ್ಬೇಡಿ, ಮನೆಗೇ ಹೋಗಿ ಕೂತು ಮಾತಾಡಿ. ಮನೆಯನ್ನ ಹಳೀಬೇಡಿ, ಕೆಲವರು ತಪ್ಪು ಎಣಿಸ್ತಾ ಹೋಗ್ತಾರೆ, ಕಟ್ಟಿದವ್ರ ಮನಸ್ಸು ಮುರೀತದೆ, ಮನಸ್ಸು ಮುರಿದವ್ರು ಬೆಲೆ ಇಳಿಸಲ್ಲ. ನಮ್ಮ ಭಾವನಿಗೆ ನಾನು ಹೇಳಿಕೊಟ್ಟಿದ್ದು ಹೀಗೆ: "ಅಣ್ಣಾ, ಮಾಡು ವೈರಿಂಗ್ ಎಲ್ಲ ಗಟ್ಟಿ ಮಾಡಿಸಿದೀರಿ, ಅದಕ್ಕೆ ನಾವು ಹೆಚ್ಚುಕಮ್ಮಿ ಪೂರ್ತಿ ಹಿಡಿದಿದೀವಿ. ಜಾಗಕ್ಕೆ ಈ ಕೇರಿಯ ರೇಟೇ ಹಾಕಿದೀವಿ. ಸಜ್ಜಾ ಮತ್ತೆ ಗುಂಡಿ ಕೆಲಸ ನಮ್ಮ ತಲೆಗೆ ಬರ್ತದೆ, ಮಳೆ ಒಂದು ಕಂಡಿಲ್ಲ, ಹಂಗಾಗಿ ನಮ್ಮ ಲೆಕ್ಕ ಇಷ್ಟು." ಅಂತ ಹೇಳಿ ಲೆಕ್ಕದ ಹಾಳೆಯನ್ನೇ ಅವ್ರ ಮುಂದೆ ಇಟ್ಟು ಸುಮ್ನೆ ಕೂರಿ. ಹಾಳೆ ನೋಡಿದ ಮೇಲೆ ಮಾತು 58ರ ಸುತ್ತ ತಿರುಗಲ್ಲ, ಸಜ್ಜಾದ ಸುತ್ತ ತಿರುಗ್ತದೆ. ಅವ್ರು ಬಿಲ್ ತಂದು ತೋರಿಸಿದ್ರೆ, ಹಾಳೆಯಲ್ಲಿ ತಪ್ಪಿದೆ ಅಂತ ಸರಿಯಾಗಿ ಹೇಳಿದ್ರೆ ಅಲ್ಲೇ ತಿದ್ದಿ ಏರಿಸಿ, ಅವ್ರಿಗೂ ನ್ಯಾಯ ಆಗ್ಬೇಕಲ್ಲ.

ಒಂದೇ ಸಲ ಎರಡು ಲಕ್ಷ ಏರಿಸ್ಬೇಡಿ, ಏರಿಸಿದಷ್ಟಕ್ಕೂ ಏನಾದ್ರೂ ಕೇಳಿ: ಇನ್ವರ್ಟರ್ ಬಿಟ್ಟು ಹೋಗ್ತೀರಾ, ಗುಂಡಿ ನೀವೇ ಬೇರೆ ಕಡೆ ಮಾಡಿಸಿ ಕೊಡ್ತೀರಾ. ಏಜೆಂಟ್ ಕಮಿಷನ್ ಎಷ್ಟು, ಯಾರು ಕೊಡೋದು ಅಂತ ಮೊದಲ ದಿನವೇ ಮಾತಾಡಿಕೊಳ್ಳಿ.

ಆಷಾಢವನ್ನ ಉಪಯೋಗಿಸ್ಕೊಳ್ಳಿ

ಇದು ನನಗೆ ತಡವಾಗಿ ಹೊಳೆದದ್ದು, ಬೇರೆ ಯಾವ ಊರಿನ ಪುಸ್ತಕವೂ ಇದನ್ನ ಹೇಳಲ್ಲ. ಆಷಾಢದಲ್ಲಿ ನಮ್ಮವ್ರು ಹೇಗೂ ಮನೆ ರಿಜಿಸ್ಟರ್ ಮಾಡ್ಸಲ್ಲ, ಗೃಹಪ್ರವೇಶವೂ ಇಲ್ಲ. ಹೆಚ್ಚಾಗಿ ಜುಲೈ ಸುತ್ತಮುತ್ತ ಬರೋ ಆ ತಿಂಗಳೇ ನಮ್ಮಲ್ಲಿ ಮಳೆ ಜಡಿಯೋ ತಿಂಗಳು. ಹಂಗಾಗಿ ಏಪ್ರಿಲ್, ಮೇನಲ್ಲಿ ರೇಟು ಕುದುರಿಸಿ, ಸಣ್ಣ ಅಡ್ವಾನ್ಸ್ ಕೊಟ್ಟು ವಕೀಲ್ರ ಹತ್ರ ಕರಾರು ಬರೆಸಿ, ರಿಜಿಸ್ಟ್ರೇಷನ್ ಶ್ರಾವಣಕ್ಕೆ ಇಡಿ. ಕರಾರಿನಲ್ಲೇ ಬರೆಸಿ: ಮಳೆಗಾಲದಲ್ಲಿ ಎರಡು ಸಲ ಮನೆ ನೋಡೋ ಹಕ್ಕು ನಮಗಿದೆ, ಸೋರಿಕೆ, ತೇವ ಕಂಡ್ರೆ ಮಾರುವವ್ರು ಸರಿ ಮಾಡಿಸ್ಬೇಕು ಇಲ್ಲಾ ಇಬ್ರೂ ಒಪ್ಪಿದ ಮೇಸ್ತ್ರಿ ಅಂದಾಜಿನಷ್ಟು ಬೆಲೆ ಇಳಿಸ್ಬೇಕು. ಇದಕ್ಕೆ ಒಪ್ಪಿದ್ರೆ ಆ ಮಳೆ ಕಾಣದ ಕಡಿತ 1.5 ಲಕ್ಷ ನಾವು ಬಿಟ್ಟುಕೊಡ್ಬಹುದು, ಅಂದ್ರೆ ಕೊನೇ ನಂಬರು 43.5 ಆಗ್ತದೆ, ಅವ್ರಿಗೂ ಲಾಭವೇ. ತಂಗಿ ಮನೆ ಹೀಗೇ ತಗೊಂಡಿದ್ದು. ಜುಲೈನಲ್ಲಿ ಮಳೆ ಹೊಯ್ತಿರುವಾಗ ಕೊಡೆ ಹಿಡ್ಕೊಂಡು ಹೋಗಿ ಮೆತ್ತಿ ಹತ್ತಿದ್ವಿ, ಹಿಂದಿನ ಕೋಣೆಯ ಒಂದು ಕೋಡಿಯಲ್ಲಿ ನೀರು ಇಳೀತಿತ್ತು, ಮಾರುವವ್ರೇ ನಿಂತು ಹಂಚು ತೆಗೆಸಿ ಕೋಡಿ ಬದಲಿಸಿ ಕೊಟ್ರು. ಶ್ರಾವಣ ಎರಡನೇ ಶುಕ್ರವಾರ ರಿಜಿಸ್ಟರ್ ಆಯ್ತು, ಈಗ ಮೂರು ಮಳೆಗಾಲ ಕಳೀತು, ಆ ಮನೆಯಲ್ಲಿ ಪಾತ್ರೆ ಇಡೋ ಕೆಲಸ ಬಂದಿಲ್ಲ.